‘ಕೂತ್ಕೊಂಡು ಮಾತಾಡ್ರಿ’ ಮತ್ತು ನನ್ನ ತಪ್ಪುಗಳ ಫೈಲು

ನಂಬೋದಿಲ್ಲ ಅನ್ನುವವರು ಈಗಲೇ ಕೈ ಎತ್ತಿಬಿಡಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕರಲ್ಲಿ ನಿಮಗೆ ಬೇಕಾದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಇಳಿಸಿ. ಹತ್ತು ಎಣಿಸುವುದರೊಳಗೆ ಯಾರಾದರೊಬ್ಬರು ಹತ್ತಿರ ಬಂದು, "ಈ ಶನಿವಾರ ಯಾರನ್ನ ಕೂರಿಸ್ತೀಯಪ್ಪ?" ಎಂದು ಕೇಳದಿದ್ದರೆ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. ಪೂರ್ತಿ ಯಾಕಿಲ್ಲ ಅಂದರೆ, ಉಳಿದರ್ಧ ಶನಿವಾರಕ್ಕೆ ಬೇಕು. ಕ್ಯಾಮೆರಾ ನನ್ನನ್ನು ಎಡಗಡೆಯಿಂದಲೇ ತೋರಿಸೋದು.

ನಾನು ನಮ್ಮ ಕಡೆಯ ಲೋಕಲ್ ಕೇಬಲ್ ಚಾನೆಲ್ಲಿನಲ್ಲಿ ‘ಕೂತ್ಕೊಂಡು ಮಾತಾಡ್ರಿ’ ಎಂಬ ಕಾರ್ಯಕ್ರಮದ ನಿರೂಪಕ. ನಿರ್ಮಾಪಕನೂ ನಾನೇ. ನಿರ್ಮಾಪಕ ಅಂದರೆ ದುಡ್ಡು ಹಾಕುವವನು ಎಂದು ತಿಳಿಯಬೇಡಿ. ಅತಿಥಿಗೆ ಫೋನ್ ಮಾಡುವವನು, ಬೈಕಿನಲ್ಲಿ ಹತ್ತಿಸಿಕೊಂಡು ಬರುವವನು, ಮುಖಕ್ಕೆ ಪೌಡರ್ ಹಚ್ಚುವವನು, ಮುಗಿದ ಮೇಲೆ ಬಸ್ಸಿಗೆ ಸೀಟು ಹಿಡಿದುಕೊಡುವವನು. ಕೊನೆಯಲ್ಲಿ ಪರದೆಯ ಮೇಲೆ ನನ್ನ ಹೆಸರು ಎರಡು ಸಲ ಬರುತ್ತದೆ. ಟೈಪ್ ಮಾಡುವವನೂ ನಾನೇ ಆದ್ದರಿಂದ ಒಂದು ಸಲಕ್ಕೆ ಇಳಿಸುವ ಮಾತೇ ಇಲ್ಲ. ಕೆರೆಬಿಳಚಿ ಪಕ್ಕದ ನಮ್ಮ ಹಳ್ಳಿಯಲ್ಲಿ ಈಗ ಮಕ್ಕಳು ಮೆಕ್ಕೆಜೋಳದ ತೆನೆಯನ್ನು ಬಾಯಿ ಮುಂದೆ ಹಿಡಿದು, "ಹೇಳ್ರಿ ಅಜ್ಜಾರೆ, ನಿಮ್ಮ ಅನುಭವ ಹೆಂಗಿತ್ತು?" ಎಂದು ಆಡುತ್ತವೆ. ದೊಡ್ಡವರು ಸತ್ತ ಮೇಲೆ ಇಂಥದ್ದನ್ನು ಪರಂಪರೆ ಅನ್ನುತ್ತಾರೆ. ನನಗೆ ಇಪ್ಪತ್ತೇಳನೇ ವಯಸ್ಸಿಗೇ ಬಂದಿದೆ.

ಆರು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿದ್ದೇನೆ. ಕೂತಲ್ಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ.

ಹೋದ ವರ್ಷ ನಮ್ಮ ಕೇಬಲ್ ಯಜಮಾನರು ಬೆಂಗಳೂರಿನಿಂದ ಒಬ್ಬ ಸಲಹೆಗಾರರನ್ನು ಕರೆತಂದರು. ಯಾವುದೋ ದೊಡ್ಡ ಚಾನೆಲ್ಲಿನಲ್ಲಿ ಇದ್ದು ಬಂದವರಂತೆ. ಬೇಸಿಗೆಯಲ್ಲೂ ಕೋಟು. ಬಂದವರೇ ನಮ್ಮ ಹಳೆಯ ಕಂತುಗಳನ್ನೆಲ್ಲ ಹಾಕಿಸಿಕೊಂಡು ನೋಡಿ ಒಂದು ನೀಲಿ ಫೈಲು ಮಾಡಿದರು. ಒಳಗೆ ನನ್ನ ತಪ್ಪುಗಳು, ನಂಬರ್ ಹಾಕಿ. ಕೊನೆಯ ಹಾಳೆಯಲ್ಲಿ ಶಿಫಾರಸು: ‘ಸದರಿ ನಿರೂಪಕನನ್ನು ತೆಗೆದು ಯೋಗ್ಯರೊಬ್ಬರನ್ನು ಕೂರಿಸತಕ್ಕದ್ದು.’ ಯೋಗ್ಯರು ಯಾರು ಎಂದು ಕೆಳಗೆ ಬರೆದಿದ್ದರು. ಅವರೇ.

ಯಜಮಾನರು ಫೈಲನ್ನು ನನ್ನ ಮುಂದೆ ತಳ್ಳಿ, "ಓದ್ಕೊಳ್ಳಪ್ಪ. ತಿಂಗಳ ಕೊನೇ ಶನಿವಾರ ನಿಂದು ಕೊನೇದು. ಆಮೇಲೆ ವೈರ್ ಕೆಲಸ ಮಾಡ್ಕೊಂಡಿರು" ಎಂದರು.

"ನನ್ನ ಉತ್ತರ ಕೇಳಂಗಿಲ್ವಾ ಅಣ್ಣಾರೆ?"

"ನಿನ್ನ ಮಾತು ಐದು ವರ್ಷ ಕೇಳಿದ್ದು ಸಾಕು."

ಅವರು ಕೇಳಲಿಲ್ಲ, ನೀವು ಕೇಳಿ. ಫೈಲಿನಲ್ಲಿರುವ ಒಂದು ತಪ್ಪನ್ನೂ ನಾನು ಇಲ್ಲ ಅನ್ನುವುದಿಲ್ಲ. ಎಲ್ಲ ಮಾಡಿದ್ದೇನೆ. ಬಿಟ್ಟರೆ ಮತ್ತೆ ಮಾಡುತ್ತೇನೆ.

ತಪ್ಪು ಒಂದು: ‘ಯಾವುದೇ ಪರೀಕ್ಷೆ ಇಲ್ಲದೆ ನೇಮಕಗೊಂಡಿರುವುದು’

ಇದೊಂದು ಮಾತ್ರ ಅರ್ಧ ಸುಳ್ಳು. ಪರೀಕ್ಷೆ ಆಗಿದೆ, ಅದೂ ನೇರ ಪ್ರಸಾರದಲ್ಲಿ.

ನಮ್ಮೂರಿಗೆ ಮೂರು ದಿನದಿಂದ ಕೇಬಲ್ ಬಂದಿರಲಿಲ್ಲ. ಅವ್ವ ನೋಡುತ್ತಿದ್ದ ಧಾರಾವಾಹಿಯಲ್ಲಿ ಅತ್ತೆಯೊಬ್ಬಳು ಸೊಸೆಯ ಹಾಲಿಗೆ ವಿಷ ಬೆರೆಸಿ ಲೋಟ ಕೈಗೆ ಕೊಟ್ಟಿದ್ದಳು. ಅಲ್ಲಿಗೇ ಕೇಬಲ್ ಹೋಗಿತ್ತು. ಅವ್ವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. "ಹೋಗಿ ಕೇಳ್ಕೊಂಡು ಬಾರೋ, ಕುಡಿದ್ಲೋ ಇಲ್ವೋ" ಎಂದು ನನ್ನನ್ನು ಚನ್ನಗಿರಿಗೆ ಅಟ್ಟಿದಳು.

ಕೇಬಲ್ ಆಫೀಸು ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲಿನಿಂದಲೇ ಬೈಯುತ್ತಾ ಹತ್ತಿದೆ. ಒಳಗೆ ನೋಡಿದರೆ ಎರಡು ಕುರ್ಚಿ, ನಡುವೆ ಪ್ಲಾಸ್ಟಿಕ್ ಹೂವಿನ ಕುಂಡ, ಕಣ್ಣಿಗೆ ಹೊಡೆಯುವ ಲೈಟು. ಹೊಸ ಕಾರ್ಯಕ್ರಮದ ಮೊದಲ ದಿನವಂತೆ. ಯಜಮಾನರೇ ಮೊದಲ ಅತಿಥಿ. ಹೊಸ ಶರ್ಟು, ಹಣೆ ತುಂಬ ವಿಭೂತಿ, ಕತ್ತಿಗೆ ಪೌಡರು. ಪ್ರಶ್ನೆ ಕೇಳಬೇಕಾಗಿದ್ದ ಕಾಲೇಜು ಮೇಷ್ಟ್ರು ಹೆದರಿ ಫೋನ್ ಆಫ್ ಮಾಡಿಕೊಂಡಿದ್ದರು. ಶುರುವಾಗಲು ಎರಡು ನಿಮಿಷ ಇತ್ತು.

ಯಜಮಾನರು ನನ್ನ ಬೈಗುಳ ಕೇಳಿಸಿಕೊಂಡು, "ಏ ತಮ್ಮ, ಬಾಯಿ ಚಲೋ ಐತೆ ನಿಂದು. ಬಾ, ಕೂತ್ಕೊ. ಏನಾರ ಕೇಳು" ಎಂದರು.

ಕೇಳಿದೆ. ಕೆಂಪು ದೀಪ ಹತ್ತಿದ ಕೂಡಲೇ ಕೇಳಿದೆ. "ನಮ್ಮೂರಿಗೆ ಮೂರು ದಿನದಿಂದ ಕೇಬಲ್ ಯಾಕಿಲ್ರಿ?"

ಯಜಮಾನರು ತಮ್ಮ ಬಾಲ್ಯ, ಪಟ್ಟ ಕಷ್ಟ ಎಲ್ಲ ಉರು ಹೊಡೆದು ಬಂದಿದ್ದರು. "ಅದು... ಕೋತಿ... ವೈರ್ ಹರಿದೈತೆ" ಎಂದರು.

"ಮೂರು ದಿನದಿಂದ ಅದೇ ಕೋತಿ ಹರೀತಾನೇ ಐತಾ?"

"ಹಂಗಲ್ಲ, ಹುಡುಗರು ಹೋಗಿದಾರೆ."

"ಎಲ್ಲಿಗೆ? ಕೋತಿ ಹತ್ರ ಮಾತುಕತೆಗಾ?"

ಅರ್ಧ ಗಂಟೆ ಬಿಡಲಿಲ್ಲ. ಅಂಗಿ ಒದ್ದೆಯಾಗಿ ಪೌಡರು ಕಾಲರಿಗೆ ಇಳಿಯಿತು. ಆಫೀಸಿನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. "ಆ ಹುಡುಗನ್ನ ಬಿಡಬ್ಯಾಡ್ರಿ, ನಮ್ಮೂರಿಂದೂ ಕೇಳಾಕೆ ಹೇಳ್ರಿ" ಎಂದು. ಮುಗಿದ ಮೇಲೆ ಯಜಮಾನರು ಟವೆಲಿನಲ್ಲಿ ಮುಖ ಒರೆಸಿಕೊಂಡು, "ನೀನು ಎದುರಿಗಿರೋದಕ್ಕಿಂತ ನನ್ನ ಕಡೆ ಇರೋದೇ ವಾಸಿ. ಬರೋ ಶನಿವಾರದಿಂದ ಕೆಲಸಕ್ಕೆ ಬಾ" ಎಂದರು. ಆ ಕುರ್ಚಿ ನನಗೆ ಸಿಕ್ಕಿದ್ದು ಹೀಗೆ. ಯಾರ ಕಾಲೂ ಹಿಡಿದಿಲ್ಲ, ಬೈದು ಗಳಿಸಿದ್ದು.

ಮೈಮೇಲೆ ಹತ್ತು ಕೆಜಿ ಮಾಂಸ ಬಂದವನಂತೆ ಊರಿಗೆ ಬಂದೆ. ಯಾರೂ ತಿರುಗಿ ನೋಡಲಿಲ್ಲ. ಹೇಗೆ ನೋಡುತ್ತಾರೆ? ಊರಿಗೆ ಕೇಬಲ್ಲೇ ಇರಲಿಲ್ಲವಲ್ಲ. ಮನೆಗೆ ಹೋಗಿ, "ಅವ್ವಾ, ಇವತ್ತು ನಾನು ಟೀವಿಯಲ್ಲಿ ಅರ್ಧ ಗಂಟೆ ಬಂದೆ!" ಎಂದೆ.

ಅವ್ವ ಸೌಟು ಕೆಳಗಿಟ್ಟು, "ಅದೆಲ್ಲ ಇರ್ಲಿ. ಅವ್ಳು ಕುಡಿದ್ಲಾ?" ಎಂದಳು.

ತಪ್ಪು ಎರಡು: ‘ಅತಿಥಿಯನ್ನು ಬಿಟ್ಟು ತನ್ನ ಬಗ್ಗೆಯೇ ಅರ್ಧ ಗಂಟೆ ಮಾತನಾಡಿರುವುದು’

ನ್ಯಾಮತಿ ಕಡೆಯ ಒಬ್ಬ ಹಿರಿಯರು. ಸುತ್ತ ಮೂವತ್ತು ಹಳ್ಳಿಯ ಜಗಳ ಬಿಡಿಸಿದವರು. ಅವರ ಕಟ್ಟೆಯ ಮುಂದೆ ನಿಂತರೆ ಸುಳ್ಳು ಹೇಳುವವನ ನಾಲಗೆ ತಾನಾಗಿಯೇ ಒಣಗುತ್ತದೆ ಎಂಬ ಹೆಸರಿತ್ತು. ಇಂಥವರಿಗೆ ಎಂದು ರಾತ್ರಿಯೆಲ್ಲ ಕೂತು ಹದಿನಾಲ್ಕು ಪ್ರಶ್ನೆ ಬರೆದಿದ್ದೆ.

"ಅಜ್ಜಾರೆ, ನಮಸ್ಕಾರ. ನಿಮ್ಮ ಬಾಲ್ಯದ ಬಗ್ಗೆ ಹೇಳ್ರಿ."

ಅಜ್ಜಾರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಹೇಳನಂತೆ. ನೀನ್ ಯಾರ ಮಗ?"

ಸಲಹೆಗಾರರಿಗೆ ಇದು ಅರ್ಥವಾಗಿಲ್ಲ, ಅದಕ್ಕೇ ಬರೆದಿದ್ದಾರೆ. ನಮ್ಮ ಕಡೆ ಹಿರಿಯರು ಹೀಗೆ ಕೇಳಿದರೆ, ‘ಅಜ್ಜಾರೆ, ಕಾರ್ಯಕ್ರಮ ನಿಮ್ಮದು’ ಅನ್ನುವ ಗಂಡು ಇನ್ನೂ ಹುಟ್ಟಿಲ್ಲ. ಯಾರ ಮನೆಯವನು ಎಂದು ತಿಳಿಯದೆ ಅವರು ಒಂದು ಲೋಟ ನೀರು ಸಹ ಇಸಿದುಕೊಳ್ಳುವುದಿಲ್ಲ, ಇನ್ನು ಉತ್ತರ ಕೊಡುತ್ತಾರೆಯೇ? ಹೇಳಿದೆ.

"ನಿಮ್ಮಜ್ಜಿ ತವರು ಯಾವುದು?" ಹೇಳಿದೆ. "ಅಲ್ಲಿ ಯಾರ ಮನೆ? ಬಾವಿ ಮನೆಯವ್ರಾ, ಬೇವಿನ ಮರದ ಮನೆಯವ್ರಾ?" ಬಾವಿ ಮನೆ ಎಂದೆ. "ಹಂಗಾರೆ ನಿಮ್ಮಜ್ಜಿ ತಮ್ಮ, ಆ ಕುಂಟು ಕಾಲಿನವ್ನು, ಅವನ ಮಗಳನ್ನ ಎಲ್ಲಿಗೆ ಕೊಟ್ರು?" ಗೊತ್ತಿಲ್ಲ ಎಂದೆ. ಅಜ್ಜಾರಿಗೆ ಬೇಜಾರಾಯಿತು. "ಗೊತ್ತಿಲ್ಲ ಅಂದ್ರೆ ಹೆಂಗೆ? ಫೋನ್ ಹಚ್ಚಿ ಕೇಳು ನಿಮ್ಮವ್ವನ್ನ."

ನೇರ ಪ್ರಸಾರದಲ್ಲಿ ಅವ್ವನಿಗೆ ಫೋನ್ ಹಚ್ಚಿದೆ. ಅವ್ವ ಆಗಲೇ ಟೀವಿ ಮುಂದೆ ಕೂತಿದ್ದಳು, ಕೂತಲ್ಲಿಂದಲೇ ಮೂರು ತಲೆಮಾರು ಒಪ್ಪಿಸಿದಳು. ಅವಳೂ ಅಜ್ಜಾರೂ ಏಳು ನಿಮಿಷ ಮಾತಾಡಿದರು. ನಾನು ನಡುವೆ ಫೋನ್ ಹಿಡಿದುಕೊಂಡು ಕೂತಿದ್ದೆ.

ಕೊನೆಗೆ ಅಜ್ಜಾರು ಕುರ್ಚಿಗೆ ಒರಗಿ, "ಸಿಗ್ತು ಬಿಡು. ಲೆಕ್ಕದಾಗೆ ನೀನು ನನಗೆ ಅಳಿಯ ಆಗ್ಬೇಕು. ಈಗ ಕೇಳು ನಿನ್ನ ಪ್ರಶ್ನೆ" ಎಂದರು. ಅಷ್ಟರಲ್ಲಿ ಪರದೆಯ ಮೇಲೆ ನನ್ನ ಹೆಸರು ಎರಡನೇ ಸಲ ಹಾದುಹೋಗುತ್ತಿತ್ತು.

ಮುಂದಿನ ವಾರ ಆಫೀಸಿಗೆ ಹೆಣ್ಣಿನ ಕಡೆಯಿಂದ ಮೂರು ಜಾತಕ ಬಂದವು. ಮನೆತನ ವಿಚಾರಿಸುವ ತೊಂದರೆ ಅವರಿಗೆ ಇರಲಿಲ್ಲ, ಆ ವಿಚಾರಣೆ ನಾಲ್ಕು ತಾಲ್ಲೂಕಿಗೆ ಕೇಳುವಂತೆ ಮುಗಿದಿತ್ತು. ಎರಡು ಜಾತಕ ಮರುದಿನವೇ ವಾಪಸು ತರಿಸಿಕೊಂಡರು, ಕಂತನ್ನು ಪೂರ್ತಿ ನೋಡಿದವರು ಯಾರೋ ಹೇಳಿರಬೇಕು. ಅಜ್ಜಾರು ನಡುವೆ ನಮ್ಮ ಚಿಕ್ಕಪ್ಪನ ಬಗ್ಗೆಯೂ ಕೇಳಿದ್ದರು, ಅವ್ವ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಿದ್ದಳು.

ತಪ್ಪು ಮೂರು: ‘ಗಂಭೀರ ಚರ್ಚೆಗೆ ಅನುಚಿತ ಅಲಂಕಾರ’

ಈ ತಪ್ಪು ನಮ್ಮ ಕ್ಯಾಮೆರಾಮನ್‌ನದು. ಆದರೆ ನಿರ್ಮಾಪಕ ನಾನು, ಆದ್ದರಿಂದ ನನ್ನ ತಲೆ ಮೇಲೇ ಹಾಕಿಕೊಳ್ಳುತ್ತೇನೆ.

ಅವನು ಮೊದಲು ಮದುವೆ ವಿಡಿಯೋ ಮಾಡುತ್ತಿದ್ದ. ಹದಿನೈದು ವರ್ಷದ ಅಭ್ಯಾಸ. ಯಾರದಾದರೂ ಕೈ ಅಲ್ಲಾಡಿದರೆ ಬಳೆ ಇದೆಯೇನೋ ಎಂದು ಕ್ಯಾಮೆರಾ ಅಲ್ಲಿಗೇ ಹೋಗುತ್ತದೆ. ಪರದೆಯ ಮೇಲೆ ಹೂವು ಉದುರಿಸುವ, ಹೃದಯ ಬರಿಸುವ ಗುಂಡಿಗಳಿದ್ದ ಅವನ ಮದುವೆ ವಿಡಿಯೋ ಕಾಲದ ಮಿಕ್ಸರನ್ನೇ ನಾವು ಚಾನೆಲ್ಲಿಗೂ ಇಟ್ಟುಕೊಂಡಿದ್ದೆವು. ಕುರ್ಚಿಯಲ್ಲಿ ಕೂತವನಿಗೆ ಪರದೆಯಲ್ಲಿ ಏನು ಹೋಗುತ್ತಿದೆ ಎಂದು ಕಾಣಿಸುವುದಿಲ್ಲ. ಇಷ್ಟು ತಿಳಿದಿದ್ದರೆ ಸಾಕು.

ಹೊನ್ನಾಳಿ ತಾಲ್ಲೂಕಿನ ಒಂದು ಊರಿನಲ್ಲಿ ಇಬ್ಬರು ರೈತರು. ಪಕ್ಕಪಕ್ಕದ ಗದ್ದೆ. ನಾಲೆ ನೀರು ಮೊದಲು ಯಾರಿಗೆ ಎಂಬ ವಿಷಯಕ್ಕೆ ಹತ್ತು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಇಬ್ಬರನ್ನೂ ಒಂದೇ ದಿನ ಕೂರಿಸಿದೆ. ಇಂಥ ಎದೆಗಾರಿಕೆ ಬೆಂಗಳೂರಿನ ಯಾವ ನಿರೂಪಕನಿಗಿದೆ, ತೋರಿಸಿ.

"ತೂಬು ರಾತ್ರೋರಾತ್ರಿ ಎತ್ತಿದ್ದು ಯಾರೋ?" ಎಂದು ದಪ್ಪಗಿದ್ದವರು ಶುರು ಮಾಡಿದರು.

"ನೀನ್ ಹಗಲೇ ಎತ್ತಿದೀಯಲ್ಲೋ, ನಾಚಿಕೆ ಬಿಟ್ಟೋನೆ!" ಎಂದರು ತೆಳ್ಳಗಿದ್ದವರು.

"ನೀರು ನಿಮ್ಮಪ್ಪಂದಾ?"

"ನಿಮ್ಮಪ್ಪಂದು ಅಂತ ಬರ್ದೈತಾ?"

ಇಬ್ಬರೂ ಎದ್ದು ನಿಂತರು. ಬೆರಳಿಗೆ ಬೆರಳು, ಮುಖಕ್ಕೆ ಮುಖ. ನಾನು ನಡುವೆ ಸಿಕ್ಕಿ, ‘ಎಂಥ ಕಂತು! ಎಂಥ ಕಂತು!’ ಎಂದು ಒಳಗೊಳಗೇ ಕುಣಿಯುತ್ತಿದ್ದೆ.

ಆದರೆ ಮನೆಗಳಲ್ಲಿ ಜನ ನೋಡುತ್ತಿದ್ದದ್ದು ಬೇರೆ. ದಪ್ಪಗಿದ್ದವರು ಬೆರಳು ಎತ್ತಿದಾಗಲೆಲ್ಲ ಮೇಲಿನಿಂದ ಗುಲಾಬಿ ದಳ ಉದುರುತ್ತಿದ್ದವು. ಇಬ್ಬರೂ ಎದುರುಬದುರು ನಿಂತ ಕೂಡಲೇ ನಮ್ಮವನ ಕೈ ತಾನಾಗಿಯೇ ಹೋಗಿದೆ: ಕೆಂಪು ಹೃದಯ, ಒಳಗೆ ಎರಡು ಮೀಸೆ ಮುಖ, ಹಿಂದೆ ಗಟ್ಟಿಮೇಳ. "ಏನೋ ಮಾಡಿದೆ ಇದು?" ಎಂದು ಆಮೇಲೆ ಕೇಳಿದರೆ, "ಎದುರಾಬದುರಾ ನಿಂತ್ರಲ್ಲೋ. ಮುಹೂರ್ತ ಮೀರಿ ಹೋಗ್ತಿತ್ತು" ಎಂದ.

ಮರುದಿನ ಹೊನ್ನಾಳಿ ಪೇಟೆಯಲ್ಲಿ ಆ ಇಬ್ಬರಿಗೂ ತಿರುಗಾಡಲು ಆಗಲಿಲ್ಲವಂತೆ. ಚಹಾದ ಅಂಗಡಿಯವನು, "ಗೌಡ್ರೆ, ಊಟ ಯಾವಾಗ ಹಾಕಿಸ್ತೀರಿ?" ಎಂದನಂತೆ. ತೆಳ್ಳಗಿದ್ದವರ ಹೆಂಡತಿ, "ನನ್ನ ಮದುವೇಲಿ ಇಷ್ಟು ಹೂವು ಇರ್ಲಿಲ್ಲ" ಎಂದು ಎರಡು ದಿನ ಮಾತು ಬಿಟ್ಟರಂತೆ. ಮೂರನೇ ದಿನ ಇಬ್ಬರೂ ನಮ್ಮನ್ನು ಹೊಡೆಯಲು ಬಂದರು. ನಾನು ಮಹಡಿಯ ಕಿಟಕಿಯಿಂದ ನೋಡಿದೆ. ಹತ್ತು ವರ್ಷದಿಂದ ಮುಖ ನೋಡದವರು ಒಂದೇ ಬೈಕಿನಲ್ಲಿ ಬಂದಿದ್ದರು. ಹಿಂದೆ ಕೂತವರು ಬೀಳಬಾರದೆಂದು ಮುಂದಿನವರ ಸೊಂಟ ಹಿಡಿದುಕೊಂಡಿದ್ದರು.

ನಮ್ಮವನ ಕೈ ಗುಂಡಿ ಹುಡುಕುತ್ತಿತ್ತು, ನಾನೇ ಹಿಡಿದು ನಿಲ್ಲಿಸಿದೆ.

ತಪ್ಪು ನಾಲ್ಕು: ‘ಜನಪ್ರತಿನಿಧಿಗಳ ಅವಹೇಳನ’

ಇದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು. ನನ್ನ ಕುರ್ಚಿ ಕೀಳಲು ಇದೊಂದೇ ಸಾಕು ಎಂದು ಯಜಮಾನರಿಗೆ ಹೇಳಿದ್ದರಂತೆ.

ಜಗಳೂರು ಕಡೆ ಒಬ್ಬ ಕುರಿಗಾಹಿ. ಮಾತು ಕಡಿಮೆ, ಕುರಿ ಜಾಸ್ತಿ. ಸ್ಟುಡಿಯೋಕ್ಕೆ ಬಾರಪ್ಪ ಎಂದರೆ, "ಇವನ್ನ ಯಾರು ನೋಡ್ಕೊಂತಾರೆ, ನಿಮ್ಮಪ್ಪನಾ?" ಎಂದ. ನಾವೇ ಬಸ್ಸು ಹತ್ತಿ ಹೋದೆವು. ಬಯಲಿನಲ್ಲಿ ಎರಡು ಕುರ್ಚಿ ಹಾಕಿದೆವು. ಅವನು ಕೂರಲಿಲ್ಲ.

"ಕೂತ್ಕೊಳ್ರಿ, ಕಾರ್ಯಕ್ರಮದ ಹೆಸರೇ ಕೂತ್ಕೊಂಡು ಮಾತಾಡೋದು."

"ನಾ ಕೂತ್ರೆ ಅವು ಹೋಗ್ತಾವೆ. ನೀ ಬೇಕಾರೆ ಕೂತ್ಕೊ, ನಾ ಹೊಂಟೆ."

ಹೊರಟೇಬಿಟ್ಟ. ನಾನು ಮೈಕು ಹಿಡಿದು ಹಿಂದೆ, ಕ್ಯಾಮೆರಾಮನ್ ನನ್ನ ಹಿಂದೆ. ಅವನು ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ಕಣ್ಣೆಲ್ಲ ಒಂದು ಟಗರಿನ ಮೇಲೆ. ಅದು ಕೊಬ್ಬಿದ ಪ್ರಾಣಿ, ಹಿಂಡಿನ ಮುಂದೆ ಹೋಗಿ ಸಿಕ್ಕಸಿಕ್ಕವರ ಶೇಂಗಾ ಹೊಲಕ್ಕೆ ನುಗ್ಗುತ್ತಿತ್ತು. ಆದರೆ ನಮ್ಮವನು ಮದುಮಗನ ಚಿತ್ರ ತೆಗೆಯುವವನ ಹಾಗೆ ಕ್ಯಾಮೆರಾವನ್ನು ಕುರಿಗಾಹಿಯ ಮುಖದಿಂದ ಸರಿಸಲೇ ಇಲ್ಲ. ಟಗರು ಚಿತ್ರದಲ್ಲಿ ಬರಲೇ ಇಲ್ಲ.

"ಊರಿನ ಮುಖಂಡರ ಬಗ್ಗೆ ನಿಮ್ಮ ಅಭಿಪ್ರಾಯ ಏನ್ರಿ?" ಎಂದೆ.

ಸರಿಯಾಗಿ ಆಗಲೇ ಟಗರು ಬೇಲಿ ಹಾರಿತು.

"ಥೂ ನಿನ್ನ! ಸ್ವಂತದ್ದು ಮೇಯೋದು ಗೊತ್ತಿಲ್ಲ, ಮಂದಿ ಹೊಲಕ್ಕೇ ಬಾಯಿ ಹಾಕ್ತೀಯ! ಎಷ್ಟು ತಿಂದ್ರೂ ಹೊಟ್ಟೆ ತುಂಬಲ್ವೇನೋ ನಿಂಗೆ? ಬರೋ ಹಬ್ಬಕ್ಕೆ ಐತೆ ನಿಂಗೆ, ಕೊಯ್ಸಿಬಿಡ್ತೀನಿ!"

ಹಾಗೇ ಪ್ರಸಾರವಾಯಿತು. ನಮ್ಮಲ್ಲಿ ಕತ್ತರಿಸುವ ಅಭ್ಯಾಸ ಇಲ್ಲ.

ಅವತ್ತು ಸಂಜೆಯಿಂದ ಆಫೀಸಿಗೆ ಐವರು ಮುಖಂಡರ ಫೋನು. ಅಕ್ಕಪಕ್ಕದ ಐದು ಊರಿನವರು. ಒಬ್ಬೊಬ್ಬರದೂ ಒಂದೇ ಸಿಟ್ಟು, ಒಂದೇ ಪ್ರಶ್ನೆ: "ಅದು ನನಗೇ ಹೇಳಿದ್ದಲ್ವೇನೋ?" ನಾನು ಐವರಿಗೂ ತಾಳ್ಮೆಯಿಂದ, "ಇಲ್ರಿ ಸಾರ್, ಅದು ಟಗರಿಗೆ ಹೇಳಿದ್ದು" ಎಂದೆ.

ಒಬ್ಬರೂ ನಂಬಲಿಲ್ಲ. ಒಬ್ಬರಂತೂ, "ಯಾವ ಟಗರು? ಅಷ್ಟು ಸರಿಯಾಗಿ ನನ್ನ ವಿಷಯ ಟಗರಿಗೆ ಹೆಂಗೆ ಹೊಂದುತ್ತೋ?" ಎಂದರು.

ಫೈಲಿನಲ್ಲಿ ಇಲ್ಲದ್ದು

ತಿಂಗಳ ಕೊನೆಯ ಶನಿವಾರ ಬಂತು. ನನ್ನ ಕೊನೆಯ ಕಂತು. ಮುಂದಿನ ವಾರದಿಂದ ಸಲಹೆಗಾರರು ಕೂರುವವರು. ಅಳೆಯುವ ಟೇಪು ತಂದು ಕುರ್ಚಿಯ ಎತ್ತರ ನೋಡಿಕೊಂಡಿದ್ದರು. ಬೇಕಂತಲೇ ಇಸ್ತ್ರಿ ಇಲ್ಲದ ಅಂಗಿ ಹಾಕಿಕೊಂಡು ಹೋದೆ. ಬೀಳ್ಕೊಡುಗೆಗೆ ಹಲ್ಲು ಕಿರಿಯುವ ಜಾತಿ ನಾನಲ್ಲ.

ಅವತ್ತು ಸಲಹೆಗಾರರು ಕ್ಯಾಮೆರಾದ ಪಕ್ಕದಲ್ಲೇ ನಿಂತರು. "ಇವತ್ತಾದರೂ ಶಿಸ್ತಿನಿಂದ ಮುಗಿಸೋಣ. ಎರಡೇ ನಿಯಮ. ಅತಿಥಿ ಮಾತನಾಡುವಾಗ ಏನೇ ಆದರೂ ನೀನು ನಡುವೆ ಬಾಯಿ ಹಾಕಬಾರದು. ಮತ್ತೆ ನನ್ನ ಬೆರಳು ನೋಡ್ತಾ ಇರು. ಐದು ಬೆರಳು ಎತ್ತಿದರೆ ಐದು ನಿಮಿಷ ಉಳಿದಿದೆ ಎಂದು ಅರ್ಥ" ಎಂದರು.

"ಏನೇ ಆದ್ರೂನಾ?" ಎಂದೆ.

"ಏನೇ ಆದರೂ."

ಅತಿಥಿ ಒಬ್ಬ ದನದ ದಲ್ಲಾಳಿ. ಸಂತೇಬೆನ್ನೂರಿನಿಂದ ಹಿಡಿದು ಸುತ್ತಲಿನ ಸಂತೆಗಳಲ್ಲೆಲ್ಲ ನಲವತ್ತು ವರ್ಷ ಎತ್ತು, ಎಮ್ಮೆ ಕೈ ಬದಲಿಸಿದವರು. ಹೆಗಲ ಮೇಲೆ ಕೆಂಪು ಟವೆಲು. ಅವತ್ತು ಸಂತೆಯಿಂದ ನೇರ ಬಂದಿದ್ದರು, ಮಾರಾಟವಾಗದ ಒಂದು ಎಮ್ಮೆ ಮತ್ತು ಅದರ ಕರುವಿನ ಜೊತೆ. ಎರಡನ್ನೂ ಕೆಳಗೆ ಗೊಬ್ಬರದ ಅಂಗಡಿಯ ಕಂಬಕ್ಕೆ ಕಟ್ಟಿ ಮೇಲೆ ಹತ್ತಿದರು. ಸಲಹೆಗಾರರು ಮೂಗು ಮುಚ್ಚಿಕೊಂಡು ಅದನ್ನು ದಾಟಿ ಬಂದಿದ್ದನ್ನು ದಲ್ಲಾಳಿ ನೋಡಿದ್ದರು. ‘ಸೂಟಿನವರು ಎಮ್ಮೆ ಸುತ್ತ ಒಂದು ಸುತ್ತು ಹಾಕಿದರು’ ಎಂದೇ ಅವರ ಲೆಕ್ಕ.

"ಸಂತೇಲಿ ಬೆಲೆ ಹೆಂಗೆ ಮಾತಾಡ್ತೀರಿ?" ಎಂದು ಕೇಳಿದೆ.

"ಬಾಯಲ್ಲಿ ಆಡಂಗಿಲ್ಲ ತಮ್ಮ. ಆಡಿದ್ರೆ ಪಕ್ಕದೋನು ಕೇಳಿಸ್ಕೊಂತಾನೆ. ಟವೆಲ್ ಕೆಳಗೆ ಕೈ ಇಡಬೇಕು. ಬೆರಳು ಹಿಡೀಬೇಕು. ಒಂದು ಬೆರಳಿಗೆ ಹತ್ತು ಸಾವ್ರ. ಬ್ಯಾಡ ಅಂದ್ರೆ ಕೈ ಕಿತ್ಕೊಬೇಕು. ಒಪ್ಪಿಗೆ ಅಂದ್ರೆ ಪೂರಾ ಕೈ ಹಿಡ್ದು ಕುಲುಕಬೇಕು. ಕುಲುಕಿದ ಮೇಲೆ ಮುಗೀತು. ಹಿಂದಕ್ಕೆ ಹೋದ್ರೆ ಅಂಥೋನ ಹತ್ರ ಯಾವ ಸಂತೇಲೂ ಒಬ್ರೂ ಒಂದು ಮೇಕೆ ಮಾರಲ್ಲ."

"ಯಾರಾದ್ರೂ ಹಿಂದಕ್ಕೆ ಹೋಗಿದಾರಾ?"

"ನಲವತ್ತು ವರ್ಷದಲ್ಲಿ ಇಲ್ಲ. ಈಗ ನೋಡು, ಕೆಳಗೆ ಐತಲ್ಲ ಎಮ್ಮೆ, ಎರಡನೇ ಸೂಲು, ಹೊತ್ತಿಗೆ ನಾಲ್ಕು ಲೀಟರು. ಇವತ್ತು ಸರಿಯಾದ ಗಿರಾಕಿ..."

ಅಷ್ಟರಲ್ಲಿ ಕ್ಯಾಮೆರಾ ಪಕ್ಕದಲ್ಲಿ ಸಲಹೆಗಾರರು ಐದು ಬೆರಳು ಎತ್ತಿದರು.

ದಲ್ಲಾಳಿಯ ಕಣ್ಣು ಆ ಬೆರಳುಗಳ ಮೇಲೆ ನಿಂತಿತು. ನಾನು ನೋಡಲಿಲ್ಲವೆಂದು ತಿಳಿದ ಸಲಹೆಗಾರರು ಬೆರಳುಗಳನ್ನು ಇನ್ನೂ ಎತ್ತರಕ್ಕೆ ಹಿಡಿದು ಅಲ್ಲಾಡಿಸಿದರು.

"ಅಯ್ಯಯ್ಯೋ! ಬಯಲಲ್ಲೇ ಬೆರಳು ತೋರಿಸ್ತಾನಲ್ಲಪ್ಪ! ಇಷ್ಟು ಆಸೆಯಾ?" ಎಂದು ದಲ್ಲಾಳಿ ಎದ್ದರು. ಅಂಗಿಗೆ ಸಿಕ್ಕಿಸಿದ್ದ ಮೈಕು ಜೊತೆಗೇ ಹೋಯಿತು. ಹೆಗಲಿನಿಂದ ಟವೆಲು ಎಳೆದು ಸಲಹೆಗಾರರ ಕೈ ಮೇಲೆ ಹೊದಿಸಿದರು.

ಸಲಹೆಗಾರರು ಏನು ತಿಳಿದರು? ನಮ್ಮ ಕಡೆ ಸನ್ಮಾನ ಎಂದರೆ ಬಟ್ಟೆ ಹೊದಿಸುವುದು ತಾನೇ. ಹೊಸ ನಿರೂಪಕರಿಗೆ ಹಿರಿಯರ ಸನ್ಮಾನ ಎಂದುಕೊಂಡು, ಕೋಟು ಸರಿಮಾಡಿಕೊಂಡು, ಕ್ಯಾಮೆರಾ ಕಡೆ ತಿರುಗಿ ನಕ್ಕರು. ನಮ್ಮ ಕ್ಯಾಮೆರಾಮನ್ ಕೈ ಮೇಲೆ ಕೈ ಕಂಡಿದ್ದೇ ತಡ, ಧಾರೆ ಎಂದುಕೊಂಡು ಹತ್ತಿರ ಹತ್ತಿರ ಹೋದ.

ಟವೆಲಿನ ಕೆಳಗೆ ದಲ್ಲಾಳಿ ಮೊದಲು ಐದು ಬೆರಳು ಹಿಡಿದು, ಆಮೇಲೆ ಇನ್ನೊಂದು ಸಲ ಹೆಬ್ಬೆರಳು ಒತ್ತಿ, "ಕರು ಐತೆ, ಆರು ಆಗ್ಬೇಕು" ಎಂದು ಪಿಸುಗುಟ್ಟಿದರು. ಮೈಕಿನಿಂದ ನಾಲ್ಕು ತಾಲ್ಲೂಕಿಗೆ ಕೇಳಿಸಿತು.

"ಆಗಲಿ, ಆಗಲಿ. ಧನ್ಯವಾದ, ಧನ್ಯವಾದ" ಎಂದು ಸಲಹೆಗಾರರು ಎರಡೂ ಕೈಯಲ್ಲಿ ಅವರ ಕೈ ಹಿಡಿದು ಮೂರು ಸಲ ಕುಲುಕಿದರು.

ನಾನು ತಡೆಯಬಹುದಿತ್ತು. ತಡೆಯಲಿಲ್ಲ. ಅತಿಥಿ ಮಾತಾಡುತ್ತಿದ್ದರು, ನಿಯಮ ನಿಯಮವೇ. ಕೈ ಕಟ್ಟಿಕೊಂಡು ಐದು ವರ್ಷದಲ್ಲಿ ಎಂದೂ ಕೂರದಷ್ಟು ಶಿಸ್ತಿನಿಂದ ಕೂತಿದ್ದೆ.

ದಲ್ಲಾಳಿ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಕ್ಯಾಮೆರಾಕ್ಕೆ ಹೇಳಿದರು: "ಎಲ್ಲಾ ನೋಡಿದ್ರಲ್ಲಪ್ಪ? ಎಮ್ಮೆ ಹೋತು."

ಹತ್ತು ನಿಮಿಷದಲ್ಲಿ ಅಂಗಡಿ ಮುಂದೆ ಅರ್ಧ ಚನ್ನಗಿರಿ ಸೇರಿತು. ಯಾರೋ ಎಮ್ಮೆಯ ಹಣೆಗೆ ಕುಂಕುಮ ಇಟ್ಟಿದ್ದರು. ಸಲಹೆಗಾರರು ಮೆಟ್ಟಿಲ ಮೇಲೆ ನಿಂತು ಕೂಗಿದರು, "ಅದು ಸಿಗ್ನಲ್! ಐದು ನಿಮಿಷ ಉಳಿದಿದೆ ಅಂತ!"

ದಲ್ಲಾಳಿ ಸಮಾಧಾನವಾಗಿ ಕೇಳಿದರು, "ಬೆರಳು ನಿಂದೇ ತಾನೇ?"

"ಬೆರಳು ನನ್ನದೇ, ಆದರೆ ನಿಮಿಷ..."

"ಎಮ್ಮೆಗೆ ನಿಮಿಷದ ಲೆಕ್ಕ ಎಲ್ಲೈತಪ್ಪ?"

ಗುಂಪಿನಿಂದ ಒಬ್ಬ, "ಕೈ ಕುಲುಕಿದ್ದು ಮೂರು ಸಲ! ನಾವು ಮನೇಲಿ ಎಣಿಸಿದೀವಿ" ಎಂದ. ಯಜಮಾನರು ಸಲಹೆಗಾರರ ತೋಳು ಹಿಡಿದರು. ಅಲ್ಲಿದ್ದವರೆಲ್ಲ ಅವರ ಗಿರಾಕಿಗಳೇ. "ಸ್ವಾಮಿ, ನೀವು ಈಗ ಹಿಂದೆ ಸರಿದ್ರೆ ನಾಳೆಯಿಂದ ಯಾವನು ನನ್ನ ವೈರ್ ಮನೆ ಒಳಗೆ ಬಿಟ್ಕೊಂತಾನೆ? ಮೊದಲು ಎಮ್ಮೆ ಬಿಡಿಸ್ಕೊಳ್ರಿ" ಎಂದರು.

ಸಲಹೆಗಾರರು, "ಎಟಿಎಂಗೆ ಹೋಗಿ ಬಂದೆ" ಎಂದು ಹೊರಟರು. ಎಟಿಎಂ ಬಲಗಡೆ ಇತ್ತು. ಅವರು ಎಡಗಡೆ ತಿರುಗಿ, ದಾವಣಗೆರೆ ಬಸ್ಸಿನ ಹಿಂದೆ ಓಡಿ, ಕೋಟು ಬಾಗಿಲಿಗೆ ಸಿಕ್ಕಿಸಿಕೊಂಡೇ ಹತ್ತಿದರು. ಆಮೇಲೆ ಫೋನು ಎತ್ತಲಿಲ್ಲ. ಮಾತು ಉಳಿಸಿಕೊಳ್ಳಲು ಯಜಮಾನರೇ ಎಮ್ಮೆ ಇಟ್ಟುಕೊಂಡರು.

"ಲೇ, ಪಕ್ಕದಲ್ಲೇ ಕೂತಿದ್ಯಲ್ಲ, ನೀನಾದ್ರೂ ತಡೀಬಾರ್ದಿತ್ತಾ?" ಎಂದು ನನ್ನ ಮೇಲೆ ತಿರುಗಿದರು.

"ಬಾಯಿ ಹಾಕಬಾರ್ದು ಅಂತ ಸಲಹೆ ಆಗಿತ್ತು ಅಣ್ಣಾರೆ. ಸಲಹೆಗೆ ನೀವೇ ಅಲ್ವಾ ಸಂಬಳ ಕೊಡ್ತಿದ್ದಿದ್ದು?"

ಒಳಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಜಗಳೂರಿನಿಂದ ಒಬ್ಬರು, ನ್ಯಾಮತಿಯಿಂದ ಇಬ್ಬರು, ಹೊನ್ನಾಳಿಯಿಂದ ಲೆಕ್ಕವಿಲ್ಲ. ಎಲ್ಲರದೂ ಒಂದೇ ಮಾತು: "ಬರೋ ಶನಿವಾರ ಆ ಹುಡುಗ ಏನು ಮಾರಿಸ್ತಾನೆ?"

ನಾನು ಏನೂ ಬೇಡಲಿಲ್ಲ, ತಲೆ ತಗ್ಗಿಸಲಿಲ್ಲ. ಸೋಮವಾರ ಬೆಳಿಗ್ಗೆ ಯಜಮಾನರೇ ಕರೆದರು. ಶನಿವಾರ ನನಗೇ ಉಳಿಯಿತು, ಜೊತೆಗೆ ಬುಧವಾರವನ್ನೂ ಕೊಟ್ಟರು. ಮತ್ತೆ, ಇಡೀ ಚಾನೆಲ್ಲಿನಲ್ಲಿ ಹಾಲು ಕರೆಯಲು ಬರುವವನು ನಾನೊಬ್ಬನೇ ಆದ್ದರಿಂದ ಎಮ್ಮೆಯ ಕೆಲಸವನ್ನೂ ಕೊಟ್ಟರು. ವಾರಕ್ಕೆ ಎರಡು ದಿನ ಕುರ್ಚಿ, ಏಳು ದಿನ ಎಮ್ಮೆ.